ಅಟ್ಟದ ಟ್ರಂಕಿನಲ್ಲಿ ಸಿಕ್ಕ ಸಮುದ್ರದ ಫೋಟೋಗಳು: ಇದು ಯಾವ ಊರು, ಯಾವ ವರ್ಷ?

ಮೂರನೇ ಮೊಮ್ಮಗಳು (ಮೈಸೂರು), ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಹಾಯ ಬೇಕಿತ್ತು.

ಅಗ್ರಹಾರದ ನಮ್ಮ ಹಳೇ ಮನೆಗೆ ಸುಣ್ಣ ಹೊಡೆಸೋಣ ಅಂತ ಈ ವಾರ ಅಟ್ಟ ಖಾಲಿ ಮಾಡಿಸಿದೆವು. ದಸರಾ ಗೊಂಬೆಗಳ ಪೆಟ್ಟಿಗೆ, ತೂತು ಬಿದ್ದ ಹಂಡೆ, ಕಾಲು ಮುರಿದ ತೊಟ್ಟಿಲು, ಇವುಗಳ ಹಿಂದೆ ತಾತನ ಕಬ್ಬಿಣದ ಟ್ರಂಕು. ಅದರೊಳಗೆ ಒಂದು ಆಲ್ಬಂ. ಕಪ್ಪು ಹಾಳೆಗಳು, ಮಧ್ಯೆ ಬೆಣ್ಣೆ ಕಾಗದ. 22 ಫೋಟೋಗಳಿವೆ. ಎಲ್ಲವೂ ಅಂಗೈಯ ಅರ್ಧ ಇರಬಹುದು, ಚೌಕಾಕಾರ. ಅಂಚು ಅಲೆಅಲೆಯಾಗಿ ಕತ್ತರಿಸಿದ್ದು. ಕಪ್ಪು ಬಿಳುಪು.

ತಾತ ಸಮುದ್ರಕ್ಕೆ ಹೋಗಿದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ರಜೆ ಸಿಕ್ಕಿದರೆ ನಂಜನಗೂಡು, ಜಾಸ್ತಿ ರಜೆ ಸಿಕ್ಕಿದರೆ ಮೇಲುಕೋಟೆ. ಅಂಥವರು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಗುತ್ತಾ ನಿಂತಿದ್ದಾರೆ!

ಕೆಲವು ಫೋಟೋಗಳ ಹಿಂದೆ ಬರೆದಿದ್ದಾರೆ. ಆದರೆ ಬರೆದಿರೋದು "ಬೆಳಿಗ್ಗೆ 8 ಗಂಟೆ", "ತಿಂಡಿ ಆದ ಮೇಲೆ" ಅಂತ. ಊರಿನ ಹೆಸರು ಬರೆಯೋಕೆ ಏನಾಗಿತ್ತೋ. ನಾಲ್ಕು ಫೋಟೋ ಹಾಕಿದ್ದೇನೆ:

3ನೇದು: ಸಮುದ್ರದ ಮಧ್ಯೆ ಬಂಡೆ, ಮೇಲೆ ಏನೋ ಮುರಿದ ಹಡಗಿನ ಥರ ಕಡ್ಡಿಕಡ್ಡಿ.
9ನೇದು: ಬಿಲ್ಲಿನ ಹಾಗೆ ಬಾಗಿದ ಮರಳು ದಂಡೆ, ಕೊನೆಯಲ್ಲಿ ಗುಡ್ಡ, ಮಧ್ಯೆ ಕಪ್ಪು ಬಂಡೆ. ಮರಳಿನ ಮೇಲೆ ಮರದ ದಿಮ್ಮಿಗಳು.
14ನೇದು: ಬಸ್ಸಿನ ಮುಂದೆ ಗುಂಪು. ನಂಬರ್ ಎಂವೈ ಅಂತ ಶುರುವಾಗುತ್ತೆ, ಉಳಿದದ್ದು ಒಬ್ಬರ ಕಾಲಿನ ಹಿಂದೆ ಅಡಗಿದೆ.
21ನೇದು: ನಮ್ಮಜ್ಜಿ. ಇದರ ವಿಷಯ ಆಮೇಲೆ ಹೇಳುತ್ತೇನೆ, ನನಗೇ ತಲೆಬುಡ ಗೊತ್ತಾಗುತ್ತಿಲ್ಲ.

ನಂಜನಗೂಡು ರಸಬಾಳೆ, ಶನಿವಾರ ರಾತ್ರಿ 9:52

9ನೇದು ಮಲ್ಪೆ ಕಣ್ರೀ. ಕಣ್ಣು ಮುಚ್ಚಿಕೊಂಡು ಹೇಳ್ತೀನಿ.

ಬೈಂದೂರು ಬಲೆ (ಈಗ ಮೈಸೂರು), ಶನಿವಾರ ರಾತ್ರಿ 10:15

ಕಣ್ಣು ಮುಚ್ಚಿಕೊಂಡಿದ್ದಕ್ಕೇ ಹಾಗೆ ಕಾಣಿಸಿದ್ದು ಮಾರಾಯ್ರೆ, ಸ್ವಲ್ಪ ತೆರೆದು ನೋಡಿ.

ಮೇಡಂ, ನೀವು ದಿಮ್ಮಿ ಅಂದಿರಲ್ಲ, ಅವು ದಿಮ್ಮಿಗಳಲ್ಲ, ದೋಣಿ. ಕಟ್ಟುಮರ. ನಾಲ್ಕೈದು ಮರದ ತುಂಡುಗಳನ್ನು ಹಗ್ಗದಲ್ಲಿ ಬಿಗಿದು ಕಟ್ಟಿದರೆ ಆಯಿತು. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ಮರಗಳನ್ನು ಬೇರೆ ಬೇರೆ ಒಣಗಲು ಹಾಕುತ್ತಾರೆ, ಅದಕ್ಕೇ ನಿಮಗೆ ಸೌದೆ ಹಾಗೆ ಕಂಡಿದೆ. ಅಲೆ ಎಷ್ಟೇ ಜೋರಾಗಿ ಬಡಿದರೂ ನೀರು ಸಂದಿಯಿಂದ ಇಳಿದು ಹೋಗುತ್ತದೆ. ಮುಳುಗಲು ಅದರಲ್ಲಿ ಹೊಟ್ಟೆಯೇ ಇಲ್ಲ. ತಮಿಳಿನ ಈ ಮಾತನ್ನೇ ಇಂಗ್ಲಿಷಿನವರು ಕ್ಯಾಟಮರಾನ್ ಮಾಡಿಕೊಂಡರು.

ನಮ್ಮ ಕಡೆ, ಅಂದರೆ ಕುಂದಾಪುರ, ಮಲ್ಪೆ, ಕಾರವಾರದ ಕಡೆ, ಮೀನು ಹಿಡಿಯಲು ಹೋಗುವುದು ಒಳಗೆ ಟೊಳ್ಳಿರುವ ದೋಣಿಯಲ್ಲಿ. ಕಟ್ಟುಮರ ಏನಿದ್ದರೂ ತಮಿಳುನಾಡು, ಆಂಧ್ರದಂಥ ಪೂರ್ವ ಕರಾವಳಿ, ಆಮೇಲೆ ಕೇರಳದ ದಕ್ಷಿಣ ತುದಿ. ಹಾಗಾಗಿ ಕರ್ನಾಟಕದ ಕರಾವಳಿ ಪಟ್ಟಿಯಿಂದ ತೆಗೆದುಬಿಡಿ.

ಮಂಡ್ಯ ಮೇಷ್ಟ್ರು, ಭಾನುವಾರ ಬೆಳಿಗ್ಗೆ 6:20

3ನೇ ಫೋಟೋ ನೋಡಿ ಕಾಫಿ ಅಲ್ಲೇ ಬಿಟ್ಟು ಟೈಪ್ ಮಾಡುತ್ತಿದ್ದೇನೆ. ಅದು ಮುರಿದ ಹಡಗಲ್ಲಮ್ಮ, ಕನ್ಯಾಕುಮಾರಿ! ವಿವೇಕಾನಂದ ಬಂಡೆ. ಆ ಕಡ್ಡಿಕಡ್ಡಿ ಇರೋದು ಸಾರುವೆ. ಸ್ಮಾರಕ ಇನ್ನೂ ಕಟ್ಟುತ್ತಿದ್ದಾರೆ.

ಆ ಸ್ಮಾರಕ ಉದ್ಘಾಟನೆ ಆಗಿದ್ದು 1970ರ ಸೆಪ್ಟೆಂಬರ್ 2ನೇ ತಾರೀಕು, ರಾಷ್ಟ್ರಪತಿ ವಿ.ವಿ. ಗಿರಿಯವರಿಂದ. ಅಂದರೆ ನಿಮ್ಮ ತಾತ ಅದಕ್ಕೂ ಮುಂಚೆ ಹೋಗಿದ್ದಾರೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಂಡೆ ಬೋಳಾಗಿ ಕಾಣಿಸುತ್ತಿದೆ ನೋಡಿ. ಈಗ ಅದರ ಮೇಲೆ 133 ಅಡಿಯ ತಿರುವಳ್ಳುವರ್ ನಿಂತಿದ್ದಾರೆ. ಅದು 2000ದ ಜನವರಿ 1ರಂದು ಅನಾವರಣ ಆದದ್ದು. 133 ಯಾಕೆ ಅಂದರೆ ಅವರು ಬರೆದ ತಿರುಕ್ಕುರಳಿನಲ್ಲಿ 133 ಅಧ್ಯಾಯ. ನಾನು 1981ರಲ್ಲಿ ಶಾಲೆಯ ಪ್ರವಾಸದಲ್ಲಿ ಹೋದಾಗ ಆ ಬಂಡೆ ಬೋಳಾಗೇ ಇತ್ತು. ಒಬ್ಬ ಹುಡುಗ ಮೂರು ಬಣ್ಣದ ಮರಳಿನ ಪೊಟ್ಟಣ ತಗೊಂಡು ಬಸ್ಸಿನಲ್ಲೆಲ್ಲ ಚೆಲ್ಲಿದ್ದ, ಡ್ರೈವರ್ ಮಂಡ್ಯದವರೆಗೂ ಬೈದ.

9ನೇದು ಮಾತ್ರ ಕನ್ಯಾಕುಮಾರಿ ಅಲ್ಲ. ಅಲ್ಲಿ ಇಷ್ಟು ಅಗಲದ ಮರಳಿಲ್ಲ. ಮದ್ರಾಸಿನ ಮರೀನಾನೂ ಅಲ್ಲ. ಬೆಳಿಗ್ಗೆ 8 ಗಂಟೆ ಅಂತ ಹಿಂದೆ ಬರೆದಿದೆ ಅಂದಿರಿ. ಸಮುದ್ರಕ್ಕೆ ಬೆನ್ನು ಹಾಕಿ ನಿಂತವರ ಮುಖದ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿದೆ. ಅಂದರೆ ಸೂರ್ಯ ನೆಲದ ಕಡೆ ಇದ್ದಾನೆ. ಮರೀನಾದಲ್ಲಿ ಬೆಳಿಗ್ಗೆ ಸೂರ್ಯ ಬರೋದೇ ನೀರಿನ ಕಡೆಯಿಂದ, ಹಾಗೆ ನಿಂತರೆ ಎಲ್ಲರ ಮುಖವೂ ಕಪ್ಪಗಾಗಬೇಕಿತ್ತು. ಇದು ಪಡುವಣ ಕಡಲು.

ಮೂರನೇ ಮೊಮ್ಮಗಳು, ಭಾನುವಾರ ಬೆಳಿಗ್ಗೆ 7:05

ಮೇಷ್ಟ್ರೇ, ನಿಮ್ಮ ಕಾಲಿಗೆ ಬಿದ್ದೆ. ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ಓದಿ ಹೇಳಿದೆ. ನಮ್ಮೆಜಮಾನರು "ಭಾನುವಾರ ಕಣೇ" ಅಂದರು, ಅಷ್ಟೇ.

ಪೂಜಪ್ಪುರ ಕನ್ನಡಿಗ (ತಿರುವನಂತಪುರ), ಭಾನುವಾರ ಬೆಳಿಗ್ಗೆ 8:30

ಹುಟ್ಟಿದ್ದು ಮೈಸೂರಿನ ಸರಸ್ವತಿಪುರಂ, ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ. ಇದು ಕೋವಳಂ ಇರಬೇಕು. ಇಲ್ಲಿಂದ ಸುಮಾರು 15 ಕಿಲೋಮೀಟರ್. ಆದರೆ ಒಂದು ತಕರಾರು. 9ನೇ ಫೋಟೋದಲ್ಲಿ ಗುಡ್ಡದ ಮೇಲೆ ಏನೂ ಇಲ್ಲ. ಕೋವಳಂ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಆ ಗುಡ್ಡದ ಮೇಲಿನ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. ಕ್ಯಾಲೆಂಡರಿನಲ್ಲಿ, ಬಾಳೆಕಾಯಿ ಚಿಪ್ಸ್ ಪೊಟ್ಟಣದ ಮೇಲೆ, ಎಲ್ಲೆಲ್ಲೂ ಅದೇ.

ಆಮೇಲೆ ಹೊಳೆಯಿತು. ದೀಪಸ್ತಂಭ ಶುರುವಾಗಿದ್ದು 1972ರಲ್ಲಿ. ಮೇಷ್ಟ್ರ ಲೆಕ್ಕದಲ್ಲಿ ನಿಮ್ಮವರು ಬಂದಿದ್ದು 1970ಕ್ಕೂ ಮುಂಚೆ. ಅಂದಮೇಲೆ ಗುಡ್ಡ ಬೋಳಾಗಿರೋದೇ ಸರಿ, ಅಲ್ವಾ?

ಇವತ್ತು ಸಂಜೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ. ಆ ಕಪ್ಪು ಬಂಡೆಯ ಆಕಾರ ನೋಡಿ ಬರುತ್ತೇನೆ. ಬಂಡೆ ಎಲ್ಲಿಗೂ ಹೋಗಿರೋದಿಲ್ಲ.

ಕತ್ತಲೆ ಕೋಣೆ (ಮೈಸೂರು), ಭಾನುವಾರ ಬೆಳಿಗ್ಗೆ 11:10

ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ಊರು ಹುಡುಕುವ ಕೆಲಸ ಅವರು ಮಾಡಲಿ, ನಾನು ಫೋಟೋ ವಿಷಯ ಹೇಳುತ್ತೇನೆ.

ಚೌಕಾಕಾರ, ಅಂಗೈಯ ಅರ್ಧ ಅಂದರೆ 120 ರೋಲಿನ ಕಾಂಟ್ಯಾಕ್ಟ್ ಪ್ರಿಂಟ್. ನೆಗೆಟಿವ್ ಎಷ್ಟಿದೆಯೋ ಪ್ರಿಂಟೂ ಅಷ್ಟೇ. ಕಾಗದದ ಮೇಲೆ ನೆಗೆಟಿವ್ ಇಟ್ಟು ಬೆಳಕು ಬಿಟ್ಟರೆ ಮುಗಿಯಿತು. ದೊಡ್ಡದು ಮಾಡಿಸಿದರೆ ದುಡ್ಡು ಜಾಸ್ತಿ, ಅದಕ್ಕೇ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಇದೇ ಅಳತೆ. ಕ್ಯಾಮೆರಾ ಬಹುಶಃ ಆಗ್ಫಾ ಕ್ಲಿಕ್ 3 ಇರಬೇಕು. ಬರೋಡಾದಲ್ಲಿ ತಯಾರಾಗುತ್ತಿತ್ತು. ಒಂದು ರೋಲಿಗೆ 12 ಫೋಟೋ. ಬಿಸಿಲು, ಮೋಡ, ಇಷ್ಟರಲ್ಲಿ ಒಂದಕ್ಕೆ ಕಡ್ಡಿ ತಿರುಗಿಸಬೇಕು. ಹಿಂದುಗಡೆ ಕೆಂಪು ಕಿಟಕಿಯಲ್ಲಿ ನಂಬರ್ ಕಾಣುವವರೆಗೆ ರೋಲ್ ಸುತ್ತಬೇಕು. ಬೇರೆ ವಿದ್ಯೆ ಏನೂ ಬೇಡ. ಮದುವೆಗೆ, ಟ್ರಿಪ್ಪಿಗೆ ಅಂತ ಕ್ಯಾಮೆರಾ ಎರವಲು ತಗೊಂಡು ಹೋಗುತ್ತಿದ್ದರು.

ಈಗ ಮುಖ್ಯವಾದ ಮಾತು. ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೂಷ್ಟು ಹಿಡಿದಿದೆ ಅಂತ ಬಿಸಿಲಿಗೆ ಇಡಬೇಡಿ, ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡು ಮೇಲಿನ ಪದರ ಬಿರಿಯುತ್ತದೆ. ನೆರಳಿನಲ್ಲಿ, ಫ್ಯಾನಿನಿಂದ ದೂರದಲ್ಲಿ, ಒಂದು ದಿನ ಗಾಳಿಗೆ ಬಿಡಿ. ಬೂಷ್ಟು ಪುಡಿಯಾದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ನಿಧಾನಕ್ಕೆ ತಳ್ಳಿ. ಲ್ಯಾಮಿನೇಶನ್ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಒಮ್ಮೆ ಮಾಡಿಸಿದರೆ ಮತ್ತೆ ತೆಗೆಯೋಕಾಗಲ್ಲ.

ನಿಮ್ಮದು ಕಪ್ಪು ಹಾಳೆ, ಮೂಲೆಗೆ ಸಿಕ್ಕಿಸುವ ಕಾಗದದ ಚೀಲ. ನೀವು ಪುಣ್ಯವಂತರು. ಎಂಬತ್ತರ ದಶಕದಲ್ಲಿ ಬಂತಲ್ಲ, ಮೇಲೆ ಪ್ಲಾಸ್ಟಿಕ್, ಒಳಗೆ ಅಂಟಿನ ಗೆರೆ ಇರುವ ಆಲ್ಬಂ, ಅದು ಫೋಟೋಗಳಿಗೆ ಯಮ. ನಾನೇ ನೂರಾರು ಮಾರಿದ್ದೇನೆ, ಪಾಪ ನನ್ನದೂ ಇದೆ.

ನೆಗೆಟಿವ್ ಸಿಕ್ಕಿದೆಯಾ? ಟ್ರಂಕಿನ ತಳದಲ್ಲಿ ಕಾಗದದ ಕವರ್ ಇದ್ದರೆ ಎಸೆಯಬೇಡಿ.

ನಂಜನಗೂಡು ರಸಬಾಳೆ, ಭಾನುವಾರ ಬೆಳಿಗ್ಗೆ 11:31

ಸಾರ್, ನಮ್ಮನೇಲಿ ಆ ಅಂಟಿನ ಆಲ್ಬಂ ಮೂರಿದೆ. ಅಕ್ಕನ ಮದುವೆ ಪೂರ್ತಿ ಅದರಲ್ಲೇ. ಎಲ್ಲರೂ ಕೆಂಪಗಾಗಿದ್ದಾರೆ, ಪುರೋಹಿತರು ಮಾತ್ರ ಸ್ವಲ್ಪ ಜಾಸ್ತಿ ಕೆಂಪು. ಏನು ಮಾಡೋದು?

ಕತ್ತಲೆ ಕೋಣೆ, ಭಾನುವಾರ ಬೆಳಿಗ್ಗೆ 11:50

ಆ ಕಾಲದ ಕಲರ್ ಪ್ರಿಂಟಿನಲ್ಲಿ ನೀಲಿ ಬಣ್ಣ ಮೊದಲು ಮಾಸುತ್ತದೆ, ಅದಕ್ಕೇ ಕೆಂಪು ಉಳಿಯೋದು. ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಬಣ್ಣ ಸರಿಮಾಡಬಹುದು. ಅಂಟಿದ ಫೋಟೋ ಕೈಯಲ್ಲಿ ಎಳೆಯಬೇಡಿ. ಹಲ್ಲಿನ ಸಂದಿ ತೆಗೆಯುವ ದಾರ, ಡೆಂಟಲ್ ಫ್ಲಾಸ್, ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಫೋಟೋದ ಕೆಳಗೆ ದಾರ ತೂರಿಸಿ ಗರಗಸದ ಹಾಗೆ ಆಚೆ ಈಚೆ ಎಳೆಯುತ್ತಾ ಬನ್ನಿ. ಬಿಡಲಿಲ್ಲ ಅಂದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ, ಹಟ ಮಾಡಬೇಡಿ.

ಸ್ಕ್ಯಾನಿಗೆ ಕೊಡುವಾಗ ಇಂಥ ಚಿಕ್ಕ ಪ್ರಿಂಟಿಗೆ 1200 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ ಅಂತ) ಕೇಳಿ. ಸಾಧಾರಣ ಅಳತೆಯದಕ್ಕೆ 600 ಸಾಕು.

ಬೈಂದೂರು ಬಲೆ, ಭಾನುವಾರ ಮಧ್ಯಾಹ್ನ 1:15

ಸ್ಕ್ಯಾನ್ ವಿಷಯಕ್ಕೆ ಒಂದು ಎಚ್ಚರಿಕೆ. ನಾನು ಅಪ್ಪಯ್ಯನ ಫೋಟೋಗಳನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. ಹೆಸರು ಬೇಡ. ಕೊಟ್ಟದ್ದು 41, ವಾಪಸ್ ಬಂದದ್ದು 40. ಕೇಳಿದರೆ "ನೀವು ಎಣಿಸಿ ಕೊಟ್ಟಿದ್ದೀರಾ?" ಅಂದರು. ಎಣಿಸಿದ್ದೆ, ಬರೆಸಿಕೊಂಡಿರಲಿಲ್ಲ. ಹೋದದ್ದು ಅಪ್ಪಯ್ಯ ಹೊಸ ದೋಣಿಗೆ ಪೂಜೆ ಮಾಡಿಸುತ್ತಿದ್ದ ಒಂದೇ ಒಂದು ಫೋಟೋ. ಕೊಡುವ ಮೊದಲು ಮೊಬೈಲಿನಲ್ಲಿ ಒಂದೊಂದನ್ನೂ ತೆಗೆದುಕೊಳ್ಳಿ, ಚೀಟಿಯಲ್ಲಿ ಸಂಖ್ಯೆ ಬರೆಸಿ ಸಹಿ ಹಾಕಿಸಿ. ಆಗದಿದ್ದರೆ ಎದುರಿಗೇ ಕೂತು ಮಾಡಿಸಿ.

ಮಂಡ್ಯ ಮೇಷ್ಟ್ರು, ಭಾನುವಾರ ಸಂಜೆ 4:00

ನಮ್ಮ ಮನೆಯಲ್ಲೂ ಸಮುದ್ರದ ಫೋಟೋ ಇದೆ. ಅಪ್ಪ, ಅವ್ವ, ಹಿಂದೆ ಅಲೆಗಳು, ಹಾಯಿದೋಣಿ, ಎರಡು ತೆಂಗಿನ ಮರ. ಚಿಕ್ಕಂದಿನಲ್ಲಿ ನಾನು ಸ್ನೇಹಿತರಿಗೆಲ್ಲ "ನಮ್ಮಪ್ಪ ಸಮುದ್ರ ನೋಡಿದ್ದಾರೆ" ಅಂತ ಕೊಚ್ಚಿಕೊಂಡಿದ್ದೆ. ಆಮೇಲೆ ಪಕ್ಕದ ಮನೆಗೆ ಹೋದರೆ ಅವರ ಮದುವೆ ಫೋಟೋದಲ್ಲೂ ಅದೇ ದೋಣಿ, ಅದೇ ಎರಡು ಮರ! ಪೇಟೆ ಸ್ಟುಡಿಯೋದ ಪರದೆ. ಸರಿಯಾಗಿ ನೋಡಿದರೆ ಅಪ್ಪನ ಚಪ್ಪಲಿ ಪಕ್ಕದಲ್ಲಿ ಸಮುದ್ರ ಮಡಿಕೆ ಬಿದ್ದಿದೆ.

ಕಬ್ಬು ಕಡಿದು ಗಾಡಿ ತುಂಬಿಸಿ ಫ್ಯಾಕ್ಟರಿ ಗೇಟಿನ ಮುಂದೆ ರಾತ್ರಿಯೆಲ್ಲ ಕಾಯುತ್ತಿದ್ದ ಜನ. ಕಡಲು ನೋಡೋಕೆ ಯಾರು ಹೋಗುತ್ತಿದ್ದರು ಹೇಳಿ. ನಮಗೆ ಕನ್ನಂಬಾಡಿ ಕಟ್ಟೆಯೇ ಸಮುದ್ರ. 124.80 ಅಡಿ ತುಂಬಿದ ದಿನ ಊರಿಗೆ ಊರೇ ಹೋಗುತ್ತಿತ್ತು, ಈಗಲೂ ಹೋಗುತ್ತೆ.

ಪೂಜಪ್ಪುರ ಕನ್ನಡಿಗ, ಭಾನುವಾರ ರಾತ್ರಿ 9:20

ಹೋಗಿ ಬಂದೆ. ಸಿಕ್ಕಿತು.

9ನೇ ಫೋಟೋ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಕೋವಳಂನಲ್ಲಿ ಬಿಲ್ಲಿನಾಕಾರದ ದಂಡೆಗಳು ಮೂರು. ದಕ್ಷಿಣದ್ದು ಲೈಟ್‌ಹೌಸ್ ಬೀಚ್, ಅದರ ಪಕ್ಕ ಹವ್ವಾ ಬೀಚ್, ಉತ್ತರಕ್ಕೆ ಸಮುದ್ರ ಬೀಚ್. ಮೊದಲ ಎರಡರ ಮಧ್ಯೆ ಬಂಡೆ ಸಮುದ್ರದೊಳಕ್ಕೆ ಮೂಗು ಚಾಚಿದೆ. ಆ ಮೂಗಿನ ಹತ್ತಿರ ನಿಂತು ದಕ್ಷಿಣಕ್ಕೆ ನೋಡಿದರೆ ನಿಮ್ಮ ತಾತನ ಫೋಟೋ ಹಾಗೇ ಕಣ್ಣಮುಂದೆ ನಿಲ್ಲುತ್ತೆ. ಬಂಡೆಯ ನೆತ್ತಿಯಲ್ಲಿ ಎಮ್ಮೆ ಬೆನ್ನಿನ ಥರ ಒಂದು ತಗ್ಗು ಇದೆಯಲ್ಲ, ಅದೂ ಇದೆ. ಗುಡ್ಡದ ಮೇಲೆ ದೀಪಸ್ತಂಭ ಹೊಸದಾಗಿ ಸೇರಿದೆ, ಅಷ್ಟೇ. ನಿಮ್ಮ ಕಡೆಯಿಂದ ನೋಡಿದರೆ "ಹೊಸದಾಗಿ" ಅನ್ನಬೇಕು.

ಬಂಡೆ ಬಿಟ್ಟರೆ ಬೇರೆ ಯಾವುದೂ ಹೊಂದುವುದಿಲ್ಲ. ನಿಮ್ಮ ಫೋಟೋದಲ್ಲಿ ಮರಳಿನ ಹಿಂದೆ ಬರೀ ತೆಂಗು. ಈಗ ಅಲ್ಲಿ ಸಾಲಾಗಿ ಹೋಟೆಲು, ಛತ್ರಿ, ಮೀನು ಆರಿಸಿ ಕೊಟ್ಟರೆ ಹುರಿದು ಕೊಡುವವರು. ಕಟ್ಟುಮರ ಕಾಣಲಿಲ್ಲ, ಫೈಬರ್ ದೋಣಿಗಳಿದ್ದವು.

ಆಗಲೂ ಅದು ಪೂರ್ತಿ ಬರೀ ಮೀನುಗಾರರ ಊರೇನೂ ಆಗಿರಲಿಲ್ಲ. ತಿರುವಾಂಕೂರಿನ ರಾಜಮನೆತನದವರು 1930ರ ದಶಕದಲ್ಲೇ ಗುಡ್ಡದ ಮೇಲೆ ಕಡಲ ಗಾಳಿಗೆ ಅಂತ ಬಂಗಲೆ ಕಟ್ಟಿಸಿದ್ದರು, ಹಾಲ್ಸಿಯನ್ ಕ್ಯಾಸಲ್ ಅಂತಾರೆ. ಆಮೇಲೆ ಎಪ್ಪತ್ತರ ದಶಕದಲ್ಲಿ ಸರ್ಕಾರದ ಅಶೋಕ ಬೀಚ್ ರೆಸಾರ್ಟ್ ಬಂತು. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ್ದು. ಗುಡ್ಡದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳನ್ನು ಇಳಿಸಿದ್ದಾರೆ, ದೂರದಿಂದ ನೋಡಿದರೆ ಗುಡ್ಡವೇ ಕಾಣುತ್ತೆ, ಕಟ್ಟಡ ಅಲ್ಲ. ವಿದೇಶಿ ಹಿಪ್ಪಿಗಳು ಬಂದು ಊರು ಪ್ರಪಂಚಕ್ಕೆ ಗೊತ್ತಾಗಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ನಿಮ್ಮ ತಾತ ಇದೆಲ್ಲದಕ್ಕೂ ಸ್ವಲ್ಪ ಮುಂಚೆ ಬಂದು, ಮೊಣಕಾಲು ನೆನೆಸಿಕೊಂಡು ಹೋಗಿದ್ದಾರೆ.

ನನ್ನ ಮಗಳು ಅದೇ ಜಾಗದಲ್ಲಿ ನಿಂತ ಫೋಟೋ ಹಾಕಿದ್ದೇನೆ. ಸಂಜೆ ಆಗಿತ್ತು, ಮೇಷ್ಟ್ರು ಹೇಳಿದ ಹಾಗೆ ಮುಖ ಪೂರ್ತಿ ಕಪ್ಪು.

ಮೂರನೇ ಮೊಮ್ಮಗಳು, ಭಾನುವಾರ ರಾತ್ರಿ 10:30

ಏನು ಹೇಳಲಿ ಅಣ್ಣ. ನನಗೋಸ್ಕರ ಅಷ್ಟು ದೂರ ಹೋಗಿ ಬಂದಿರಿ. ಮಗಳಿಗೆ ಮೈಸೂರು ಪಾಕು ಕಳಿಸುತ್ತೇನೆ, ವಿಳಾಸ ಮೆಸೇಜ್ ಮಾಡಿ.

ಈಗ 21ನೇ ಫೋಟೋ.

ಇದರಲ್ಲಿ ನಮ್ಮಜ್ಜಿ ಸಮುದ್ರದಲ್ಲಿ ಕೂತಿದ್ದಾರೆ. ದಡದಲ್ಲಿ ಅಲ್ಲ, ಸಮುದ್ರದಲ್ಲಿ. ಎದೆಯ ಮಟ್ಟದಲ್ಲಿ ಅಲೆಗಳ ಬಿಳಿ ನೊರೆ. ಸೀರೆ ಒದ್ದೆ ಆಗಿಲ್ಲ. ಮಡಿಲಲ್ಲಿ ಮೊರ, ಅಕ್ಕಿ ಆರಿಸುತ್ತಿರೋ ಹಾಗಿದೆ. ತಲೆಯ ಹಿಂದೆ ನೆಟ್ಟಗೆ ಒಂದು ಕಪ್ಪು ಕಂಬ ಆಕಾಶಕ್ಕೆ ಹೋಗಿದೆ, ಹಡಗಿನದ್ದೋ ಏನೋ. ಅಜ್ಜಿ ಕ್ಯಾಮೆರಾ ನೋಡುತ್ತಿಲ್ಲ. ಸ್ವಲ್ಪ ಸಿಟ್ಟು ಬಂದಿರೋ ಮುಖ.

ಉಳಿದ 21 ಫೋಟೋಗಳಲ್ಲಿ ಅಜ್ಜಿ ಎಲ್ಲೂ ಇಲ್ಲ. ಬಸ್ಸಿನ ಗುಂಪಿನಲ್ಲೂ ಇಲ್ಲ. ಇದೊಂದೇ. ಬೇರೆಲ್ಲ ಮೂಲೆ ಚೀಲದಲ್ಲಿದ್ದರೆ ಇದನ್ನು ಮಾತ್ರ ಗೋಂದು ಹಾಕಿ ಗಟ್ಟಿಯಾಗಿ ಅಂಟಿಸಿದ್ದಾರೆ, ಹಿಂದೆ ಏನಿದೆ ನೋಡೋಕಾಗುತ್ತಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಗೋವಾಕ್ಕೆ ಹೋಗಿ ಬಂದು ಅಜ್ಜಿಗೆ ಬಾಯಿತುಂಬ ಹೇಳಿದ್ದೆ. ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಾ "ಏನಿದೆ ಸಮುದ್ರದಲ್ಲಿ, ಬರೀ ನೀರು" ಅಂದಿದ್ದರು. ನೋಡಿದವರು ಹೇಳೋ ಹಾಗೇ ಹೇಳಿದ್ದರು.

ನಂಜನಗೂಡು ರಸಬಾಳೆ, ಭಾನುವಾರ ರಾತ್ರಿ 10:41

ಮೊರ ಹಿಡ್ಕೊಂಡು ಸಮುದ್ರಕ್ಕೆ ಇಳಿದರಾ? ನಿಮ್ಮಜ್ಜಿ ಗಟ್ಟಿಗಿತ್ತಿ ಬಿಡಿ.

ಕತ್ತಲೆ ಕೋಣೆ, ಸೋಮವಾರ ಬೆಳಿಗ್ಗೆ 5:45

ಮೇಡಂ, ಅದು ಒಂದು ಫೋಟೋ ಅಲ್ಲ. ಎರಡು. ಒಂದರ ಮೇಲೊಂದು ಬಿದ್ದಿವೆ.

ಅಂಥ ಡಬ್ಬಿ ಕ್ಯಾಮೆರಾಗಳಲ್ಲಿ ಒಂದು ತೆಗೆದ ಮೇಲೆ ರೋಲ್ ಸುತ್ತೋದನ್ನು ಮರೆತರೆ ಮುಂದಿನದೂ ಅದೇ ಜಾಗದಲ್ಲಿ ಬೀಳುತ್ತಿತ್ತು. ಬೆಳ್ಳಗಿರೋ ನೊರೆ, ಆಕಾಶ ಮೇಲೆದ್ದು ಕಾಣುತ್ತೆ, ಕಪ್ಪು ಜಾಗಗಳಲ್ಲಿ ಇನ್ನೊಂದು ಚಿತ್ರ ತೂರಿಕೊಳ್ಳುತ್ತೆ. ಅಜ್ಜಿ ಸೀರೆ ಕಪ್ಪು ಬಣ್ಣದ್ದು, ಅದರ ಮೇಲೆ ನೊರೆ ಬಂದು ಕೂತಿದೆ. ನನ್ನ ಅಂಗಡಿಗೆ ತಿಂಗಳಿಗೆ ಒಂದೆರಡು ಬರುತ್ತಿದ್ದವು. ಒಬ್ಬರ ಮಗುವಿನ ಹೊಟ್ಟೆಯೊಳಗೆ ಎತ್ತಿನಗಾಡಿ ಹೋಗುತ್ತಿತ್ತು.

ನೆಗೆಟಿವ್ ಸಿಕ್ಕಿತಾ? ಮೂರು ಮೂರಾಗಿ ಕತ್ತರಿಸಿರುತ್ತಾರೆ. ಅಜ್ಜಿ ಇರುವ ತುಂಡಿನಲ್ಲಿ ಹಿಂದೆ ಮುಂದೆ ಏನಿದೆ ನೋಡಿ. ಬೆರಳು ಅಂಚಿಗೆ ಮಾತ್ರ ತಾಗಲಿ. ಟ್ಯಾಬ್ಲೆಟ್ ಇದ್ದರೆ ಬಿಳಿ ಪರದೆ ಮಾಡಿ, ಎರಡು ಇಂಚು ಮೇಲೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಬಣ್ಣ ತಿರುವುಮುರುವು ಮಾಡಿ. ವಿನಿಗರ್ ವಾಸನೆ ಬಂದರೆ ಮಾತ್ರ ಬೇರೆ ಇಡಿ, ಅದು ಕೊಳೆಯುತ್ತಿದೆ ಅಂತ ಅರ್ಥ, ಪಕ್ಕದ್ದಕ್ಕೂ ಹತ್ತುತ್ತೆ.

ಮೂರನೇ ಮೊಮ್ಮಗಳು, ಸೋಮವಾರ ರಾತ್ರಿ 8:15

ಕಚೇರಿಗೆ ಅರ್ಧ ದಿನ ರಜೆ ಹಾಕಿದೆ. ಟ್ರಂಕಿನ ತಳದಲ್ಲಿ ಹಳೇ ಪಂಚಾಂಗದೊಳಗೆ ನೆಗೆಟಿವ್ ಕವರ್ ಇತ್ತು. ವಾಸನೆ ಇಲ್ಲ.

ಎರಡನೇ ರೋಲಿನ ಕೊನೆಯ ತುಂಡು. ಮೊದಲನೆಯದು: ತಾತ, ದೊಡ್ಡತ್ತೆ, ಚಿಕ್ಕಪ್ಪ, ಕೋವಳಂ ಬಂಡೆಯ ಮುಂದೆ. ಎರಡನೆಯದು: ಅಜ್ಜಿ ಮತ್ತು ಅಲೆಗಳು. ಮೂರನೆಯದು: ನಮ್ಮಪ್ಪ ಆರೇಳು ವರ್ಷದ ಹುಡುಗ, ನಮ್ಮ ಮನೆ ಜಗಲಿಯ ಮೇಲೆ, ಕರುವಿನ ಕುತ್ತಿಗೆ ತಬ್ಬಿಕೊಂಡು ನಿಂತಿದ್ದಾನೆ.

ಆಮೇಲೆ ಅಜ್ಜಿಯ ಹಿಂದಿನ ಕಂಬ ದೊಡ್ಡದು ಮಾಡಿ ನೋಡಿದೆ. ಹಡಗಿನದ್ದಲ್ಲ. ಮೇಲ್ಗಡೆ ಬಾಳೆಮೂತಿ ಕೆತ್ತನೆ ಇದೆ, ಎಡಕ್ಕೆ ಒಂದು ಚಕ್ಕೆ ಎದ್ದಿದೆ. ನಮ್ಮ ಜಗಲಿ ಕಂಬ. ಆ ಚಕ್ಕೆ ಎದ್ದ ಜಾಗಕ್ಕೆ ನಾನು ದಿನಾ ಸ್ಕೂಟರ್ ಕೀ ನೇತು ಹಾಕುತ್ತೇನೆ.

ಅಂದರೆ ಅಲೆಗಳ ಫೋಟೋ ತೆಗೆದು ತಾತ ರೋಲ್ ಸುತ್ತೋದು ಮರೆತಿದ್ದಾರೆ. ವಾಪಸ್ ಮೈಸೂರಿಗೆ ಬಂದು, ಉಳಿದದ್ದು ಮುಗಿಸೋಣ ಅಂತ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಜ್ಜಿಯನ್ನು ತೆಗೆದಿದ್ದಾರೆ.

ಬೆಂಗಳೂರಿನ ದೊಡ್ಡತ್ತೆಗೆ ಫೋನ್ ಮಾಡಿದೆ. "ಅಮ್ಮ ಎಲ್ಲಿ ಬಂದಿದ್ದಳು? ನಮ್ಮಜ್ಜಿ ಹಾಸಿಗೆ ಹಿಡಿದಿದ್ದರು. ಹಸು ಬೇರೆ ಕರು ಹಾಕಿ ಎಂಟು ದಿನ ಆಗಿತ್ತು. ನಿಮ್ಮಪ್ಪನಿಗೆ ಜ್ವರ, ಅವನನ್ನೂ ಬಿಟ್ಟು ಹೋಗಿದ್ದೆವು" ಅಂದರು. ಬೀದಿಯವರೆಲ್ಲ ಸೇರಿ ಬಸ್ ಮಾಡಿಕೊಂಡು ಹೋಗಿದ್ದಂತೆ, ಅಡುಗೆಯವರು, ಪಾತ್ರೆ, ಸೀಮೆಎಣ್ಣೆ ಸ್ಟೌ ಸಮೇತ. ದಿಂಬಂ ಘಾಟಿಯಲ್ಲಿ ಅರ್ಧ ಬಸ್ಸು ವಾಂತಿ. ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ಪ್ಯಾಂಟಿನವರನ್ನು ಬಿಡಲಿಲ್ಲ ಅಂತ ಚಿಕ್ಕಪ್ಪ ತಾತನ ಅಂಗವಸ್ತ್ರವನ್ನೇ ಸುತ್ತಿಕೊಂಡು ಒಳಗೆ ಹೋದನಂತೆ. ಕ್ಯಾಮೆರಾ ತಾತನ ಆಫೀಸಿನವರದ್ದು, ಎರವಲು. ಅತ್ತೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಹೋಗಿದ್ದು, ಹಾಗಾಗಿ 1969ರ ಬೇಸಿಗೆ ಅಂತ ಗಟ್ಟಿಯಾಗಿ ಹೇಳಿದರು.

ಆಮೇಲೆ ಯಾವತ್ತಾದರೂ ಅಜ್ಜಿ ಸಮುದ್ರ ನೋಡಿದ್ದರಾ ಅಂತ ಕೇಳಿದೆ. "ಕನ್ನಂಬಾಡಿ ನೋಡಿದ್ದಳಲ್ಲ" ಅಂದರು.

ಮಂಡ್ಯ ಮೇಷ್ಟ್ರು, ಸೋಮವಾರ ರಾತ್ರಿ 9:02

ಮರೆವೋ, ಬೇಕಂತಲೇ ಮಾಡಿದ್ದೋ? ಹೆಂಡತಿಯನ್ನು ಕರೆದುಕೊಂಡು ಹೋಗೋಕಾಗಲಿಲ್ಲ, ಸಮುದ್ರವನ್ನೇ ಮನೆಗೆ ತಂದು ಕೂರಿಸಿದ್ದಾರೆ ನಿಮ್ಮ ತಾತ. ನನಗೆ ಹಾಗೇ ಅನಿಸುತ್ತಮ್ಮ.

ಕತ್ತಲೆ ಕೋಣೆ, ಸೋಮವಾರ ರಾತ್ರಿ 9:30

ಮೇಷ್ಟ್ರೇ, ನಿಮ್ಮ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಎರವಲು ಕ್ಯಾಮೆರಾದಲ್ಲಿ ಅಂಥ ಕಸರತ್ತು ಯಾರೂ ಮಾಡುತ್ತಿರಲಿಲ್ಲ. ಬೇಕಂತ ಮಾಡುವವನು ಸಮುದ್ರದ ಗೆರೆ ಅಜ್ಜಿಯ ಕುತ್ತಿಗೆಗೆ ಸರಿಯಾಗಿ ಬರೋ ಹಾಗೆ ಇಡುತ್ತಿರಲಿಲ್ಲ, ಅದೂ ವಾರೆಯಾಗಿ. ಇದು ಶುದ್ಧ ಮರೆವು.

ಆದರೆ ನನಗೆ ಬೇರೆ ಒಂದು ವಿಷಯ ಕೊರೆಯುತ್ತಿದೆ. ಎರಡು ರೋಲು, 24. ಆಲ್ಬಂನಲ್ಲಿ 22. ಹಾಳಾದ ಫ್ರೇಮುಗಳನ್ನು ಸ್ಟುಡಿಯೋದವರು ಪ್ರಿಂಟ್ ಹಾಕುತ್ತಿರಲಿಲ್ಲ. ಹಾಕಿದರೆ ಗಿರಾಕಿ ದುಡ್ಡು ಕೊಡಲ್ಲ ಅಂತ ಜಗಳಕ್ಕೆ ಬರುತ್ತಿದ್ದರು. ಇದನ್ನು ಹಾಕಿದ್ದಾರೆ ಅಂದರೆ, ಯಾರೋ ನೆಗೆಟಿವ್ ನೋಡಿ "ಇದೂ ಬೇಕು" ಅಂತ ಕೇಳಿದ್ದಾರೆ. ಕೇಳಿದ್ದು ತಾತನೋ ಅಜ್ಜಿಯೋ, ಅದನ್ನು ನೀವು ಹೇಳಬೇಕು. ಹಿಂದುಗಡೆ ಏನಾದರೂ ಬರೆದಿರಬಹುದು. ದಾರ ಹಾಕಿ ಬಿಡಿಸಿ ನೋಡಿ. ನಿಧಾನ.

ಬೈಂದೂರು ಬಲೆ, ಸೋಮವಾರ ರಾತ್ರಿ 9:44

ಬಿಡಿಸುವ ಮುಂಚೆ ಹಾಳೆ ಸಮೇತ ಒಂದು ಸ್ಕ್ಯಾನ್ ಇರಲಿ ಮೇಡಂ. ನನ್ನ 41ನೇ ಫೋಟೋ ನೆನಪಿಟ್ಟುಕೊಳ್ಳಿ.

ಮೂರನೇ ಮೊಮ್ಮಗಳು, ಬುಧವಾರ ರಾತ್ರಿ 11:20

ಸ್ಕ್ಯಾನ್ ಮಾಡಿಸಿದೆ, ಎದುರಿಗೇ ಕೂತು. ಆಮೇಲೆ ಇವತ್ತು ಊಟ ಆದ ಮೇಲೆ ದಾರ ಹಾಕಿದೆ. ಮುಕ್ಕಾಲು ಗಂಟೆ ಹಿಡಿಯಿತು. ಮೈದಾ ಗೋಂದು, ಕಲ್ಲಿನಂತಾಗಿತ್ತು. ಒಂದು ಮೂಲೆ ಸ್ವಲ್ಪ ಹರಿಯಿತು, ಆದರೆ ಬರೀ ಆಕಾಶ.

ಹಿಂದೆ ಬರೆದಿದೆ. ತಾತನ ಅಕ್ಷರ ಅಲ್ಲ. ಪೆನ್ಸಿಲ್ಲಿನಲ್ಲಿ, ಅಜ್ಜಿಯ ದುಂಡನೆಯ ಅಕ್ಷರ. ಓದೋಕೆ ಬಂದಷ್ಟು ಇಲ್ಲಿ ಬರೆಯುತ್ತೇನೆ:

ಮೇಷ್ಟ್ರ ಮನೆ — ಅರ್ಧ ಸೇರು
ಡಾಕ್ಟರ ಮನೆ — 1 ಸೇರು
ಮೂಲೆ ಮನೆ — ಪಾವು (ಬಾಕಿ ಇದೆ)
ಮಂಗಳವಾರ ಹಸು ಒದ್ದಿತು, ಯಾರಿಗೂ ಇಲ್ಲ
ಮೂಲೆ ಮನೆ — ಕೊಡಬೇಡ

ಹಾಲಿನ ಲೆಕ್ಕ. ಅಜ್ಜಿ ಹಾಲು ಮಾರುತ್ತಿದ್ದರು ಅನ್ನೋದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡತ್ತೆಗೆ ಹೇಳಿದರೆ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ "ಹಾಗಾದರೆ ನನ್ನ ಪಿಯುಸಿ ಫೀಸು..." ಅಂತ ಏನೋ ಶುರುಮಾಡಿ, ನಾಳೆ ಫೋನ್ ಮಾಡುತ್ತೇನೆ ಅಂತ ಇಟ್ಟುಬಿಟ್ಟರು.

ನಂಜನಗೂಡು ರಸಬಾಳೆ, ಬುಧವಾರ ರಾತ್ರಿ 11:26

ಮೂಲೆ ಮನೆಯವರು ಬಾಕಿ ಕೊಟ್ಟರಾ ಇಲ್ವಾ?

ಮೂರನೇ ಮೊಮ್ಮಗಳು, ಬುಧವಾರ ರಾತ್ರಿ 11:31

ಇವತ್ತೂ ಅದೇ ಮನೆಯವರೇ ಇದ್ದಾರೆ. ಬೆಳಿಗ್ಗೆ ಹೋಗಿ ಕೇಳುತ್ತೇನೆ.